ಅರವತ್ತು ಡಿಗ್ರಿ ಮತ್ತು ದಬ್ಬಣದ ತೂತು

ಉತ್ತರ ಅರವತ್ತು ಡಿಗ್ರಿ ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದಿದ್ದೆ. ಆ ಗೆರೆಗಳ ಪಕ್ಕದಲ್ಲಿ ಗಣಿತದ ಸರ್ ಕೆಂಪು ಪೆನ್ನಿನಿಂದ ‘ಉಳಿದವು ಎಲ್ಲಿ?’ ಎಂದು ಬರೆದಿದ್ದರು.

ಮಕ್ಕಳೇ, ನಾನು ನಿಮಗಿಂತ ಸ್ವಲ್ಪವೇ ದೊಡ್ಡವಳಿದ್ದಾಗಿನ ಮಾತಿದು. ನಾರಾಯಣಪೇಟೆಯಲ್ಲಿ ಇಂಟರ್, ಅಂದರೆ ಪಿಯುಸಿ, ಮೊದಲ ವರ್ಷ ಓದುತ್ತಿದ್ದೆ. ತ್ರಿಕೋನಮಿತಿಯಲ್ಲಿ ಕಾಸ್ ಬೆಲೆ ಅರ್ಧ ಆಗುವ ಕೋನ ಯಾವುದು ಎಂಬುದು ಪ್ರಶ್ನೆ. ಅರವತ್ತು ಸರಿಯೇ. ಆದರೆ ಅಂಥ ಕೋನಗಳಿಗೆ ಕೊನೆಯಿಲ್ಲ. ಅವೆಲ್ಲವನ್ನೂ ಒಂದೇ ಸಾಲಿನಲ್ಲಿ ಹೇಳುವುದಕ್ಕೆ ಸಾಮಾನ್ಯ ಪರಿಹಾರ ಎನ್ನುತ್ತಾರೆ. ‘ಮುನ್ನೂರ ಅರವತ್ತು ಎನ್, ಪ್ಲಸ್ ಮೈನಸ್ ಅರವತ್ತು’ ಎಂಬ ಆ ಸಾಲನ್ನು ಎಷ್ಟು ಬಾಯಿಪಾಠ ಮಾಡಿದರೂ ಬರೆಯುವ ಹೊತ್ತಿಗೆ ಮರೆಯುತ್ತಿತ್ತು.

ಸರ್ ಹತ್ತಿರದ ಊರು ಮಕ್ತಲ್‌ನಿಂದ ಬರುತ್ತಿದ್ದರು. ಅಂದು ಸಂಜೆ ಅಪ್ಪನಿಗೆ ಫೋನ್ ಮಾಡಿ, ನಿಮ್ಮ ಮಗಳು ನಾಳೆ ಬೋರ್ಡಿನ ಮೇಲೆ ವಿವರಿಸಲಿ, ಆಗದಿದ್ದರೆ ಗಣಿತ ಬಿಟ್ಟು ಬೇರೆ ವಿಷಯಗಳ ಗ್ರೂಪಿಗೆ ಹೋಗಲಿ ಎಂದು ತೆಲುಗಿನಲ್ಲಿ ಹೇಳಿದರು. ಅಪ್ಪ ಮಗ್ಗದಿಂದ ಏಳದೆ ಕೇಳಿದ.

“ಬರ್ತೈತೇನವ್ವಾ ನಿನಗ?”

ಹೂಂ ಅಂದೆ. ಅಂಗೈ ಬೆವತು ಪುಸ್ತಕದ ಪುಟ ಒದ್ದೆಯಾಗಿತ್ತು.

ಅಕ್ಕ ಗದ್ವಾಲಕ್ಕೆ ಕಳಿಸುವ ಸೀರೆಗಳನ್ನು ಗೋಣಿಬಟ್ಟೆಯಲ್ಲಿ ಸುತ್ತಿ, ದಬ್ಬಣದಿಂದ ಹೊಲಿಯುತ್ತಿದ್ದಳು. ಆ ದಪ್ಪ ಸೂಜಿ ಆಳಕ್ಕಿಳಿದು, ಹಿಂದೆ ಮುಂದೆ ಮಡಿಚಿಟ್ಟಿದ್ದ ಮೇಲಿನ ಸೀರೆಯ ಎಲ್ಲ ಮಡಿಕೆಗಳನ್ನೂ ತೂರಿಬಿಟ್ಟಿತು. ಅವಳು ಮೆಲ್ಲಗೆ ಕರೆದಳು.

“ಏ ಲೆಕ್ಕದ ರಾಣಿ, ಬಾ ಇಲ್ಲಿ. ಅಪ್ಪ ನೋಡೂದ್ರಾಗ ತೂತು ಎಲ್ಲೆಲ್ಲಿ ಅದಾವ ಹುಡುಕು.”

ನೂಲು ಹರಿದಿರಲಿಲ್ಲ, ಸರಿದಿತ್ತು ಅಷ್ಟೇ. ನೀರು ಸವರಿ ಉಗುರಿನಿಂದ ತಿದ್ದಿದರೆ ಮುಚ್ಚುತ್ತದೆ. ಆದರೆ ಚೌಕುಳಿ ಸೀರೆಯಲ್ಲಿ ತೂತು ಕಣ್ಣಿಗೆ ಬೀಳುವುದು ಕಷ್ಟ. ಮೊದಲನೆಯದು ತುದಿಯಿಂದ ಮೂರು ಬೆರಳಿನಷ್ಟು ದೂರದಲ್ಲಿ ಸಿಕ್ಕಿತು. ಬಿಚ್ಚುತ್ತ ಹೋದೆವು. ಮೊದಲ ಮಡಿಕೆಯ ಹತ್ತಿರ ಏನೂ ಇಲ್ಲ. ಎರಡನೆಯ ಮಡಿಕೆಯ ಈಚೆ ಮೂರು ಬೆರಳಿಗೆ ಒಂದು, ಆಚೆ ಮೂರು ಬೆರಳಿಗೆ ಇನ್ನೊಂದು. ನಾಲ್ಕನೆಯದಕ್ಕೂ ಹಾಗೆಯೇ. ಆರನೆಯದು ಬಂದಾಗ ನೋಡದೆಯೇ ಅಳೆದು ಬೆರಳಿಟ್ಟೆ. ತೂತು ಅಲ್ಲೇ ಇತ್ತು.

“ಹೆಂಗ ಗೊತ್ತಾತ ನಿನಗ?”

“ಚುಚ್ಚಿದ್ದು ಒಂದಾ ಸಲ ಅಲ್ಲೇನಕ್ಕಾ” ಅಂದೆ. ಅಂದ ಮೇಲೆ ನನಗೇ ಮೈ ಜುಮ್ಮೆಂದಿತು.

ಸರ್ ಕೇಳಿದ ಕೋನಗಳೂ ಹೀಗೆಯೇ: ಎರಡು ಮಡಿಕೆ ಸೇರಿದರೆ ಒಂದು ಪೂರ್ತಿ ಸುತ್ತು, ಮುನ್ನೂರ ಅರವತ್ತು ಡಿಗ್ರಿ; ಮೂರು ಬೆರಳೆಂದರೆ ಅರವತ್ತು. ಪ್ರತಿ ಸುತ್ತು ಮುಗಿಯುವಲ್ಲಿ ಆಚೆ ಅರವತ್ತು, ಈಚೆ ಅರವತ್ತು. ಎಷ್ಟನೆಯ ಸುತ್ತು ಎಂದು ಹೇಳುವುದು ಆ ಸಾಲಿನ ‘ಎನ್’. ಆಚೆ ಈಚೆ ಎಂಬುದು ಪ್ಲಸ್ ಮೈನಸ್. ಸೀರೆ ಸೆರಗಿನಲ್ಲಿ ಮುಗಿಯುತ್ತದೆ, ಆ ಸಾಲು ಮುಗಿಯುವುದಿಲ್ಲ.

ನೀವು ಇದನ್ನೇ ಫೋನಿನ ಪರದೆಯ ಮೇಲೆ ಅಲೆಯಾಗಿ ನೋಡುತ್ತೀರಿ, ಬೆರಳಿನಿಂದ ಜರುಗಿಸಿದಷ್ಟೂ ಬರುತ್ತದೆ. ನಮ್ಮ ಮನೆಯ ಒಂದೇ ಫೋನು ಅಪ್ಪನ ಜೇಬಿನಲ್ಲಿರುತ್ತಿತ್ತು. ಬೋರ್ಡಿನ ಮುಂದೆ ನಿಲ್ಲುವ ಭಯ ಮಾತ್ರ ನಿಮಗೂ ನನಗೂ ಒಂದೇ ಇರಬೇಕು. ಅರ್ಥವಾದ ಮೇಲೂ ಅದು ನನ್ನನ್ನು ಬಿಡಲಿಲ್ಲ.

ಮರುದಿನ ಬೆಳಿಗ್ಗೆ, ಸರ್ ಹಾಜರಿ ಮುಗಿಸಿ ತಲೆಯೆತ್ತುವ ಮೊದಲೇ, ಎದ್ದು ಹೋಗಿ ಸೀಮೆಸುಣ್ಣ ತೆಗೆದುಕೊಂಡೆ.