ಪುಟದ ಕೊನೆಯ ಸಾಲು

ಕಾದ ಕಾಗದಕ್ಕೆ ಒಂದು ವಾಸನೆಯಿದೆ. ಈಗಷ್ಟೇ ಇಸ್ತ್ರಿ ಮಾಡಿದ ಬಟ್ಟೆಯ ವಾಸನೆಗೆ ಹತ್ತಿರ, ಅದಕ್ಕಿಂತ ಸ್ವಲ್ಪ ಒಣ. ಕಳೆದ ವಾರ ಮುದ್ದೇಬಿಹಾಳದ ನಮ್ಮ ಕಾಲೇಜಿನಲ್ಲಿ ಪ್ರಶ್ನೆಪತ್ರಿಕೆಯೊಂದನ್ನು ಪ್ರಿಂಟ್ ತೆಗೆದೆ. ಬಿಸಿ ಹಾಳೆ ಕೈಗೆ ಬಂತು, ಹತ್ತನೆಯ ಪ್ರಶ್ನೆ ಬರಲಿಲ್ಲ. ಪರದೆಯ ಮೇಲೆ ಅದು ಇತ್ತು. ಏನಾಗಿದೆಯೆಂದು ನಾನು ಹುಡುಕಬೇಕಾಗಲಿಲ್ಲ. ಲಿನಕ್ಸ್ ಕಂಪ್ಯೂಟರು, ಹೊಸದಾಗಿ ಜೋಡಿಸಿದ ಪ್ರಿಂಟರು. ಬರೆಯುವ ತಂತ್ರಾಂಶ ಎ-ಫೋರ್ ಹಾಳೆ ಎಂದು ತಿಳಿದಿತ್ತು. ಪ್ರಿಂಟರು ಅದಕ್ಕಿಂತ ಬೆರಳಗಲ ಗಿಡ್ಡದಾದ ‘ಲೆಟರ್’ ಹಾಳೆ ಎಂದು ತಿಳಿದಿತ್ತು. ಕೊನೆಯ ಸಾಲು ಆ ಬೆರಳಗಲದಲ್ಲಿ ಹೋಗಿತ್ತು.

ಇಂಡಿ ಪಟ್ಟಣದ ಟೈಪಿಂಗ್ ಕಾಕಾ ನೆನಪಾದರು.

ಸಂಬಂಧದಲ್ಲಿ ಅವರು ನನಗೆ ಏನೂ ಅಲ್ಲ. ಕಚೇರಿ ರಸ್ತೆಯಲ್ಲಿ ಅವರ ಅಂಗಡಿಯಿತ್ತು. ಅರ್ಜಿ, ಅಫಿಡವಿಟ್ಟು, ಲಗ್ನಪತ್ರಿಕೆಯ ಕರಡು ಟೈಪು ಮಾಡಿಕೊಡುತ್ತಿದ್ದರು. ಎಂ.ಎ. ಪ್ರಬಂಧ ಹಿಡಿದು ಹೋದವಳು ನಾನು, ಅದು ಮುಗಿದ ಮೇಲೂ ಹೋಗುತ್ತಲೇ ಇದ್ದೆ. ಆಗ ಇಂಡಿಯಲ್ಲಿ ನನಗೆ ಮಾತಾಡಲು ಬೇರೆ ಯಾರಿದ್ದರು ಎಂದು ಕೇಳಿಕೊಂಡರೆ ಒಬ್ಬರ ಹೆಸರೂ ಬರುವುದಿಲ್ಲ...

ಕಾಕಾ ಯಾವ ಕೆಲಸವನ್ನೂ ಒಮ್ಮೆಲೇ ಪ್ರಿಂಟಿಗೆ ಬಿಡುತ್ತಿರಲಿಲ್ಲ. ಮೊದಲ ಹಾಳೆಯೊಂದನ್ನು ತೆಗೆದು ಪರದೆಯ ಪಕ್ಕಕ್ಕೆ ಹಿಡಿಯುತ್ತಿದ್ದರು. ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ಗಟ್ಟಿಯಾಗಿ ಓದುತ್ತಿದ್ದರು. ಎರಡೂ ಒಂದೇ ಎಂದಾದ ಮೇಲೆ ಉಳಿದದ್ದು. ಗಿರಾಕಿಗಳು ಬಸ್ಸು ಹೋಗುತ್ತದೆ ಎಂದು ಗೊಣಗಿದರೂ ಬೆರಳು ಅವಸರ ಮಾಡುತ್ತಿರಲಿಲ್ಲ.

ವೈರಸ್ಸಿನ ಕಾಟಕ್ಕೆ ಬೇಸತ್ತಿದ್ದ ಅವರಿಗೆ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಟ್ಟವಳು ನಾನೇ. ವಿಶ್ವವಿದ್ಯಾಲಯದಲ್ಲಿ ಅಷ್ಟಿಷ್ಟು ಕಲಿತಿದ್ದೆ. ಕಲಿತದ್ದನ್ನು ತೋರಿಸಿಕೊಳ್ಳುವ ಆಸೆಯೂ ಇತ್ತು.

ಮಧ್ಯಾಹ್ನ ಅವರ ಹೆಂಡತಿ ರೊಟ್ಟಿಯ ಗಂಟು ತರುತ್ತಿದ್ದರು. ನಾನು ಅವರಿಗೆ ಕಾಕು ಎನ್ನುತ್ತಿದ್ದೆ. ಅವರು ಹಲಸಂಗಿ ಕಡೆಯವರು. ಬೀಸುವ ಕಲ್ಲಿನ ಮುಂದೆ ತಾಯಿಯಿಂದ ಕಲಿತ ಮೂರು ಮೂರು ಸಾಲಿನ ಪದಗಳು ಅವರ ಬಾಯಲ್ಲಿ ನೂರಾರು ಇದ್ದವು. ಆ ವರ್ಷ ಒಂದೊಂದಾಗಿ ಮರೆಯತೊಡಗಿದ್ದರು. ಊಟವಾದ ಮೇಲೆ ಅವರು ಸ್ಟೂಲಿನ ಮೇಲೆ ಕುಳಿತು ಹೇಳುವುದು, ಕಾಕಾ ಟೈಪು ಮಾಡುವುದು. ಪೂರ್ತಿ ಮರೆಯುವುದರೊಳಗೆ ಪುಸ್ತಕ ಮಾಡಿ ಅವರ ಕೈಗಿಡಬೇಕೆಂಬುದೊಂದೇ ಕಾಕಾರ ಹಟ.

ಪ್ರಿಂಟಿನ ದಿನ ಅವರು ಎಂದಿನಂತೆ ಮೊದಲ ಹಾಳೆ ತೆಗೆದು ಬೆರಳಿಟ್ಟು ಓದಿದರು. ಮೊದಲ ಹಾಳೆಯೆಂದರೆ ಪುಸ್ತಕದ ಹೆಸರು, ಕಾಕುವಿನ ಹೆಸರು, ಊರು. ಅರ್ಧ ಹಾಳೆಗೇ ಅಕ್ಷರ ಮುಗಿದಿತ್ತು. ಕೆಳಗೆ ಏನೂ ಇರಲಿಲ್ಲ, ಹಾಗಾಗಿ ಹೋದದ್ದೂ ಕಾಣಲಿಲ್ಲ. ಇನ್ನೊಂದು ಹಾಳೆ ನೋಡೋಣವೇ ಎಂದು ಅವರು ಕೇಳಿದಂತೆ ನೆನಪು. ನಾನು ಹೇಳಿದ್ದಂತೂ ಸ್ಪಷ್ಟವಾಗಿ ನೆನಪಿದೆ.

“ಸಾಕ್ ಬಿಡ್ರಿ ಕಾಕಾ, ಎಲ್ಲಾ ಬರೋಬ್ಬರಿ ಐತಿ.”

ಹಾಳೆಗಳು ಬೈಂಡಿಂಗಿಗೆ ಹೋದವು. ಅದೇ ವಾರ, ಹೊಸ ಆವೃತ್ತಿ ಹಾಕಿದರೆ ಪ್ರಿಂಟರು ಇನ್ನೂ ಚೆನ್ನಾಗಿ ಓಡುತ್ತದೆಂದು ಕಂಪ್ಯೂಟರನ್ನು ಪೂರ್ತಿ ಅಳಿಸಿ ಮತ್ತೆ ಹಾಕಿದೆ. ಪದಗಳನ್ನು ಬೇರೆ ಕಡೆ ತೆಗೆದಿಟ್ಟಿದ್ದೀರಾ ಎಂದು ಕಾಕಾರನ್ನು ಕೇಳಿದ್ದೆ, ಪುಸ್ತಕ ಆಯಿತಲ್ಲ ಎಂದು ಅವರು ನಕ್ಕಿದ್ದರು. ನನ್ನ ನೆನಪು ಹೀಗೆ ಹೇಳುತ್ತದೆ. ಆ ದಿನದ ಡೈರಿ ತೆಗೆದು ನೋಡಿದರೆ ಇರುವುದು ಇಷ್ಟೇ: ‘ಕಾಕಾರ ಕಂಪ್ಯೂಟರ್ ಹೊಸದು ಮಾಡಿದೆ. ಚಹಾ ಆಯಿತು.’ ಕೇಳಿದ್ದೆನೇ? ಅಥವಾ ಕೇಳಿದ್ದೆ ಎಂಬುದನ್ನು ಆಮೇಲೆ ಕಟ್ಟಿಕೊಂಡೆನೇ...

ಬೈಂಡಾಗಿ ಬಂದ ದಿನ ನಾನೂ ಅಲ್ಲಿದ್ದೆ. ಕಾಕುವಿಗೆ ಓದು ಬಾರದು. ಪುಸ್ತಕವನ್ನು ಒಮ್ಮೆ ಹಣೆಗೆ ಒತ್ತಿಕೊಂಡು ಗಂಡನ ಕೈಗೆ ಕೊಟ್ಟರು. ಕಾಕಾ ಒಂದು ಪುಟ ಓದಿ ಮುಂದಿನ ಪುಟ ತಿರುಗಿಸುವಷ್ಟರಲ್ಲಿ ಕಾಕು ತಡೆದರು.

“ನಿಲ್ರಿ. ಅಲ್ಲಿ ಇನ್ನೊಂದು ಸಾಲು ಐತಿ, ನುಂಗಬ್ಯಾಡ್ರಿ.”

“ನಾ ಯಾಕ ನುಂಗ್ಲಿ? ಇಲ್ಲಿ ಇಲ್ಲ.”

“ನಾ ಹೇಳೇನಿ, ನೀವು ಬರದೀರಿ. ಮತ್ತ ಎಲ್ಲಿ ಹೋತು?”

ಕಾಕಾ ಮುಂದಿನ ಪುಟ ನೋಡಿದರು, ಅದರ ಮುಂದಿನದು ನೋಡಿದರು. ಪ್ರತಿ ಪುಟದ ಕೊನೆಯ ಪದಕ್ಕೆ ಎರಡೇ ಸಾಲಿದ್ದವು. ಹೆಚ್ಚು ಪದ ಹಿಡಿಯಲೆಂದು ಅವರು ಕೆಳಗಿನ ಅಂಚನ್ನು ತೀರ ಸಣ್ಣದಾಗಿಟ್ಟಿದ್ದರು. ಹಾಳೆಯ ಅಳತೆ ಆರಿಸುವ ಕಿಟಕಿಯನ್ನು ನಾನು ತೆರೆದೇ ನೋಡಿರಲಿಲ್ಲ. ಕಂಪ್ಯೂಟರಿನಲ್ಲಿ ಈಗ ಮೂಲವೂ ಇರಲಿಲ್ಲ. ನನ್ನ ಮುಖ ನೋಡಿ ಕಾಕಾ ಮೆಲ್ಲಗೆ ಹೇಳಿದರು:

“ಇರ್ಲಿ ತಂಗಿ. ಮಷೀನಿಗೆ ಹಾಳಿ ಅಳತಿ ತಿಳಿದಿಲ್ಲ, ಅಷ್ಟ. ಇಕಿ ಅದಾಳಲ್ಲ, ಹೇಳ್ತಾಳ.”

ತಪ್ಪು ನನ್ನದು ಎಂದು ನಾನು ಹೇಳಲಿಲ್ಲ. ಅವರಿಗೆ ಗೊತ್ತಿತ್ತೋ ಇಲ್ಲವೋ, ಇಂದಿಗೂ ತಿಳಿಯದು.

ಮರುದಿನದಿಂದ ಊಟವಾದ ಮೇಲೆ ಕಾಕಾ ಎರಡು ಸಾಲು ಓದುವುದು, ಕಾಕು ಮೂರನೆಯದನ್ನು ಹೇಳುವುದು. ಕಾಕಾ ನೀಲಿ ಪೆನ್ನಿನಲ್ಲಿ ಪುಟದ ಕೆಳಗೆ ಬರೆದುಕೊಳ್ಳುತ್ತಿದ್ದರು. ಕೆಲವೊಮ್ಮೆ ಅದೇ ಪದಕ್ಕೆ ಕಾಕು ಬೇರೆ ಸಾಲು ಹೇಳುತ್ತಿದ್ದರು. ನಿನ್ನೆ ಹೀಗಿರಲಿಲ್ಲವಲ್ಲ ಎಂದು ಗಂಡ ತಗಾದೆ ತೆಗೆದರೆ ಅವರ ಉತ್ತರ ಸಿದ್ಧವಿರುತ್ತಿತ್ತು. “ನಿನ್ನಿದು ನಿನ್ನಿಗಿ ಆತು. ಇವತ್ತಿಂದು ಬರಕೊಳ್ರಿ.” ಇಬ್ಬರೂ ನಗುತ್ತಿದ್ದರು. ದಿನ ಕಳೆದಂತೆ ಕಾಕು ಎರಡು ಸಾಲು ಕೇಳಿ ಇಲ್ಲವೆಂದು ತಲೆಯಾಡಿಸತೊಡಗಿದರು. ಕಾಕಾ ಆ ಪುಟವನ್ನು ಹಾಗೇ ಬಿಟ್ಟು, ನಾಳೆ ನೋಡೋಣ ಎನ್ನುತ್ತಿದ್ದರು...

ನನಗೆ ಸಿಂದಗಿಯಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತು. ಹೊರಡುವಾಗ ಕಾಕಾ ಆ ಪುಸ್ತಕದ ಝೆರಾಕ್ಸ್ ಪ್ರತಿಯೊಂದನ್ನು ಕೊಟ್ಟರು. ಬರುತ್ತಿರುತ್ತೇನೆ ಎಂದಿದ್ದೆ. ಹೋಗಲಿಲ್ಲ. ಕಾಕು ತೀರಿದ ಸುದ್ದಿ ತಡವಾಗಿ ತಿಳಿಯಿತು, ಕಾಕಾರದು ಅದಕ್ಕಿಂತ ತಡವಾಗಿ. ಒಮ್ಮೆ ಇಂಡಿಯಲ್ಲಿ ಬಸ್ಸು ಬದಲಿಸುವಾಗ ಕಚೇರಿ ರಸ್ತೆಗೆ ಹೋಗಿ ನೋಡಿದೆ. ಅಂಗಡಿಯಲ್ಲಿ ಮೊಬೈಲ್ ಕವರುಗಳು ತೂಗುತ್ತಿದ್ದವು.

ಈ ಭಾನುವಾರ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕುಳಿತು ಆ ಪ್ರತಿಯನ್ನು ಟೈಪು ಮಾಡಿ ಮುಗಿಸಿದೆ. ಕಾಕಾರ ಕೈಬರಹ ಇದ್ದಲ್ಲೆಲ್ಲ ಮೂರನೆಯ ಸಾಲು ಸೇರಿತು. ಹನ್ನೊಂದು ಪುಟಗಳಲ್ಲಿ ಅದಿಲ್ಲ. ನಾನೇ ಒಂದೊಂದು ಸಾಲು ಕಟ್ಟಿ ತುಂಬಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ತುಂಬಲಿಲ್ಲ. ಅಷ್ಟು ಜಾಗ ಬಿಟ್ಟೆ.

ಸೋಮವಾರ ಕಾಲೇಜಿನಲ್ಲಿ ಹಾಳೆಯ ಅಳತೆ ಎ-ಫೋರ್ ಎಂದು ಎರಡೂ ಕಡೆ ನೋಡಿಕೊಂಡು, ಪರೀಕ್ಷಿಸಿ ನೋಡಲು ಮೊದಲ ಪುಟ ಬಿಟ್ಟು ಆ ಹನ್ನೊಂದರಲ್ಲಿ ಒಂದನ್ನು ಪ್ರಿಂಟ್ ತೆಗೆದೆ. ಬಿಸಿ ಹಾಳೆಯನ್ನು ಪರದೆಯ ಪಕ್ಕಕ್ಕೆ ಹಿಡಿದು, ಬೆರಳಿಟ್ಟು ಗಟ್ಟಿಯಾಗಿ ಓದುತ್ತ ಕೆಳಗಿನವರೆಗೆ ಬಂದೆ. ಎರಡೂ ಒಂದೇ ಇದ್ದವು. ಬಿಟ್ಟ ಜಾಗ ಒಂದಿಷ್ಟೂ ಕತ್ತರಿಸಿಹೋಗದೆ ಪೂರ್ತಿ ಬಂದಿತ್ತು.