ಹೊಸ್ತಿಲು ದಾಟದ ತತ್ತಿ

ಸಿರ್ಕಾದ, ಅಂದರೆ ವಿನೆಗರಿನ, ಹುಳಿ ಘಾಟು ಎಲ್ಲಿ ಮೂಗಿಗೆ ಬಡಿದರೂ ನನಗೆ ಶಹಾಬಜಾರದ ನಮ್ಮ ಮನೆಯ ಹೊರಗಟ್ಟೆ ನೆನಪಾಗುತ್ತದೆ. ಆ ಮನೆ ಈಗಿಲ್ಲ, ಕೆಡವಿ ಅಂಗಡಿ ಕಟ್ಟಿದ್ದಾರೆ. ನಿಮಗೂ ಅಂಥದ್ದೊಂದು ಇಲ್ಲದ ಮನೆ ಇರಬಹುದು. ಅಪ್ಪನ ತಂಗಿ ಮಾದೇವತ್ತಿ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದಳು. ದಿನಾ ಬಸ್ಸು ಹಿಡಿದು ಕಮಲಾಪುರದ ಶಾಲೆಗೆ ಹೋಗಿ ವಿಜ್ಞಾನ ಕಲಿಸುತ್ತಿದ್ದಳು. ಸಂಜೆ ಬಂದಳೆಂದರೆ ಸೆರಗಿನಲ್ಲಿ ಸೀಮೆಸುಣ್ಣದ ಪುಡಿ, ಚೀಲದಲ್ಲಿ ಅಲ್ಲಿಯ ಕೆಂಪು ಬಾಳೆಹಣ್ಣಿನ ಕಂಪು. ಒಮ್ಮೆ ನಾನು ಜೀವಕೋಶದ ಚಿತ್ರ ಬರೆದು ಸುತ್ತ ದಪ್ಪ ಕರಿ ಗೆರೆ ಎಳೆದಿದ್ದೆ. ನೋಡಿ ನಕ್ಕುಬಿಟ್ಟಳು. “ಕ್ವಾಟಿ ಕಟ್ಟೀಯೇನವ್ವಾ? ಇದು ಪೊರಿ ಅದ, ಗ್ವಾಡಿ ಅಲ್ಲ. ಬೇಕಾದ್ದು ಒಳಗ ಬಿಡ್ತದ, ಬ್ಯಾಡಾದ್ದು ಹೊರಗ ಹಾಕ್ತದ. ಪೂರಾ ಬಂದ್ ಆತಂದ್ರ ಜೀವಾನೇ ಉಳಿಯಂಗಿಲ್ಲ.”

ತೋರಿಸಿಯೇ ತೀರುವೆನೆಂದು ಮರುದಿನ ಕೋಳಿ ತತ್ತಿ ತಂದಳು. ಲಿಂಗ ಕಟ್ಟಿಕೊಂಡವರ ಮನೆಗೆ ತತ್ತಿ! ಅಪ್ಪನ ಅಪ್ಪ, ನಮ್ಮ ಮುತ್ಯಾ, ಹೊಸ್ತಿಲು ದಾಟಿಸಬೇಡ ಎಂದು ಗುಡುಗಿದ. ಅತ್ತಿ ಹೊರಗಟ್ಟೆಯ ಮೇಲೇ ಗಾಜಿನ ಭರಣಿ ಇಟ್ಟು, ಸಿರ್ಕಾ ಸುರಿದು ತತ್ತಿ ಮುಳುಗಿಸಿದಳು. ಎರಡು ದಿನದಲ್ಲಿ ಗಟ್ಟಿ ಸಿಪ್ಪೆ ನೊರೆ ಬಿಟ್ಟು ಕರಗಿ, ತೆಳ್ಳನೆಯ ಪೊರೆಯೊಳಗೆ ಹಳದಿ ಅಲುಗಾಡತೊಡಗಿತು. “ಇದು ಜೀವಕೋಶದ ಪೊರಿ ಅಲ್ಲ, ಆದ್ರ ನೀರಿನ ಮಟ್ಟಿಗೆ ಗುಣ ಹಂಗೇ ಅದ,” ಎಂದಳು. ನೀರಿಗೆ ಹಾಕಿದಾಗ ಉಬ್ಬಿತು. ಸಕ್ಕರೆ ಪಾಕಕ್ಕೆ ಹಾಕಿದಾಗ ಒಳಗಿನ ನೀರು ಬಿಟ್ಟುಕೊಟ್ಟು ಸೊರಗಿತು. ಓಣಿಯ ಮಕ್ಕಳೆಲ್ಲ ನೆರೆದರು. ಮಂದಿ ಆಡಿಕೊಳ್ಳುತ್ತಾರೆಂದು ಮುತ್ಯಾನ ಸಿಟ್ಟು ನೆತ್ತಿಗೇರಿತು. “ಸಾಲಿ ಬಿಟ್ಟು ಮನಿಯಾಗ ಬಿದ್ದಿರು, ಇಲ್ಲಾ ತತ್ತಿ ತಗೊಂಡು ನಡಿ,” ಎಂದ. ಅತ್ತಿ ಭರಣಿಯನ್ನು ಕಂಕುಳಲ್ಲಿ ಅವಚಿಕೊಂಡು ಕಮಲಾಪುರದ ಬಸ್ಸು ಹತ್ತಿಯೇಬಿಟ್ಟಳು. ಅವಳು ಅಳಲಿಲ್ಲ. ಅತ್ತವಳು ನಾನು.

ಅಲ್ಲೇ ಬಾಡಿಗೆ ಕೋಣೆ ಹಿಡಿದು ಪಾಠ ಹೇಳುತ್ತ ಬದುಕಿದಳು. ಯಾವ ಜಾತಿಯ ಮಗು ಬಂದರೂ ಅವಳ ಬಾಗಿಲು ತೆರೆದಿರುತ್ತಿತ್ತು. ಸುಳ್ಳು ಹೇಳಿದವರನ್ನು ಮಾತ್ರ ಹೊರಗೆ ಅಟ್ಟುತ್ತಿದ್ದಳು. ಮುತ್ಯಾ ಸತ್ತಾಗಲೂ ಅವಳಿಗೆ ಯಾರೂ ಹೇಳಿಕಳಿಸಲಿಲ್ಲ. ಅವಳೇ ತೀರಿಕೊಂಡಾಗ ಮಾತ್ರ ನಮ್ಮವರಿಗೆಲ್ಲ ಕರುಳು ನೆನಪಾಯಿತು. “ಎಷ್ಟಂದ್ರೂ ಮನಿ ಮಗಳು. ಶಹಾಬಜಾರಕ್ಕೇ ಒಯ್ಯಮು,” ಎಂದ ಅಪ್ಪ. ನನ್ನ ಮೈ ಉರಿಯಿತು. ಅವಳ ಕೋಣೆಯ ಬಾಗಿಲಿಗೆ ಅಡ್ಡ ನಿಂತೆ. “ಜೀವ ಇದ್ದಾಗ ಬ್ಯಾಡಾದಕಿ ಹೆಣ ಆದ ಮ್ಯಾಲ ಬೇಕಾದ್ಳೇನು? ಅತ್ತಿ ಬರಂಗಿಲ್ಲಪ್ಪಾ.” ಅಪ್ಪ ಬಾಗಿಲಿನಿಂದ ಹಿಂದೆ ಸರಿದ. ಅವಳು ಕಲಿಸಿದ ಮಕ್ಕಳೇ ಬಂದು ಹೆಗಲು ಕೊಟ್ಟರು. ಕಮಲಾಪುರದ ಮಣ್ಣು ನನ್ನ ಅತ್ತಿಯನ್ನು ಏನೂ ಕೇಳದೆ ಒಳಗೆ ಕರೆದುಕೊಂಡಿತು.