ಎದುರು ಮನೆಯ ಸೌಹಾರ್ದ

ದಿಲ್ಲಿ ಪಕ್ಕದ ಇಂದಿರಾಪುರಂನ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ನಾನು ‘ಡೇಟಾ ಮೇಡಂ’. ಆಫೀಸಿನಲ್ಲಿ ಮಾಡುವ ಕೆಲಸವನ್ನೇ ಇಲ್ಲಿ ಬಿಟ್ಟಿಯಾಗಿ ಮಾಡಿಕೊಡುತ್ತೇನೆಂದು ಗೊತ್ತಾದ ಮೇಲೆ ಸೆಕ್ರೆಟರಿ ಒಂದು ಸರ್ವೆ ತಂದು ಒಪ್ಪಿಸಿದರು. ಲಿಫ್ಟ್, ಪಾರ್ಕಿಂಗ್, ಹೋಳಿಯ ಗದ್ದಲ ಹೀಗೆ ಒಂದೊಂದಕ್ಕೂ ಪ್ರತಿ ಮನೆಯವರು ಹತ್ತಕ್ಕೆ ಇಷ್ಟೆಂದು ಅಂಕ ಕೊಟ್ಟಿದ್ದರು. ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ ಕಡೆದು, ಮನೆಗೊಂದರಂತೆ ಒಂದೇ ಸಂಖ್ಯೆ ತೆಗೆದೆ. ಸರಾಸರಿ ಮನೆಗೆ ಸೊನ್ನೆ, ಅದರ ಒಂದು ಕಡೆಯವರಿಗೆ ಪ್ಲಸ್, ಇನ್ನೊಂದು ಕಡೆಯವರಿಗೆ ಮೈನಸ್. ಬರೀ ಸಂಖ್ಯೆ ಬೋಳಾಗಿ ಕಂಡಿತು. ಚೇಷ್ಟೆಗೆ ‘ಸೌಹಾರ್ದ’ ಎಂದು ಹೆಸರಿಟ್ಟೆ. ಎಡವಿದ್ದು ಅಲ್ಲೇ.

ಪಟ್ಟಿ ಲಿಫ್ಟಿನೊಳಗೆ ಅಂಟಿತು. ವಾರದೊಳಗೆ ಜನ ಸೌಹಾರ್ದವನ್ನು ಬಿಪಿ, ಶುಗರ್‌ಗಳ ಹಾಗೆ ವಿಚಾರಿಸತೊಡಗಿದರು. ನನ್ನದು ಮೇಲಿನಿಂದ ಮೂರನೆಯದು. ಒಳಗೊಳಗೇ ಖುಷಿಯಾದದ್ದು ಸುಳ್ಳಲ್ಲ. ಎಲ್ಲರಿಗಿಂತ ಕೆಳಗೆ, ಮೈನಸ್ಸಿನಲ್ಲಿ, ಎದುರು ಮನೆಯ ಬಾಡಿಗೆದಾರರು. ದಿಲ್ಲಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ಮೈಸೂರಿನ ಮೇಷ್ಟ್ರು. ಜೀವನವಿಡೀ ಪೇಪರ್ ತಿದ್ದಿದ ಕೈ. ಯಾರಿಗೂ ಹತ್ತಕ್ಕೆ ನಾಲ್ಕಕ್ಕಿಂತ ಹೆಚ್ಚು ಕೊಟ್ಟವರಲ್ಲ. ಲಿಫ್ಟಿಗೂ ಅದೇ ಮರ್ಯಾದೆ ಸಿಕ್ಕಿತ್ತು.

ಅಷ್ಟರಲ್ಲಿ ಅವರ ಬಾಡಿಗೆ ಕರಾರು ಮುಗಿಯುತ್ತ ಬಂದಿತ್ತು. ಸೌಹಾರ್ದವಿಲ್ಲದವರಿಗೆ ಮನೆ ಮುಂದುವರಿಸುವುದಿಲ್ಲ ಎಂದರಂತೆ ಮಾಲೀಕರು. ಸೆಕ್ರೆಟರಿಯ ಬಳಿ ಓಡಿದೆ.

“ಭಾಯಿಸಾಬ್, ಸೌಹಾರ್ದ ಅಂತ ಏನೂ ಇಲ್ಲ. ಅದು ನನ್ನ ಲೆಕ್ಕಕ್ಕೆ ನಾನೇ ಇಟ್ಟ ಹೆಸರು, ಅಷ್ಟೇ.”

“ಅಚ್ಛಾ? ಇಲ್ಲದ್ದನ್ನ ಎರಡು ದಶಮಾಂಶದವರೆಗೆ ಹೇಗೆ ಅಳೆದಿರಿ?”

ಇಂಥವರಿಗೆ ಸತ್ಯ ಹೇಳಿ ಫಲವಿಲ್ಲ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು. ಈ ಲೆಕ್ಕದಲ್ಲಿ ಯಾವ ತುದಿ ಪ್ಲಸ್, ಯಾವುದು ಮೈನಸ್ ಎಂದು ಗಣಿತ ಹೇಳುವುದಿಲ್ಲ. ಅದು ಲೆಕ್ಕ ಮಾಡಿದವರ ಇಷ್ಟ. ಅಂದೇ ಚಿಹ್ನೆಗಳನ್ನೆಲ್ಲ ತಿರುವಿ ‘ಪರಿಷ್ಕೃತ ಸೌಹಾರ್ದ’ ಎಂದು ಹೊಸ ಪಟ್ಟಿ ಕೊಟ್ಟೆ. ಸೆಕ್ರೆಟರಿಯದು ಸೊನ್ನೆಯ ಆಸುಪಾಸಿನಲ್ಲೇ ಇದ್ದುದರಿಂದ ಅವರು ತಕರಾರೆತ್ತಲಿಲ್ಲ. ಮೇಷ್ಟ್ರು ಇಡೀ ಸೊಸೈಟಿಗೇ ಮೊದಲಿಗರಾದರು. ಮಾಲೀಕರು ಕರಾರಿಗೆ ಸಹಿ ಹಾಕಿ, ಲಡ್ಡು ಡಬ್ಬಿಯನ್ನೂ ಕಳಿಸಿದರು.

ಆ ಡಬ್ಬಿ ಹಿಡಿದೇ ಮೇಷ್ಟ್ರು ನಮ್ಮ ಮನೆಗೆ ಬಂದರು. ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ. ತಾಳ್ಮೆಯಿಂದ ಕೇಳಿ, ಒಂದು ಲಡ್ಡು ಮುರಿದು ಬಾಯಿಗಿಟ್ಟುಕೊಂಡರು.

“ಅದೆಲ್ಲ ಇರಲಿ. ನಿಮ್ಮದು ಯಾಕಮ್ಮ ಅಷ್ಟು ಕೆಳಗಿದೆ? ನಾಲ್ಕು ಜನರ ಜೊತೆ ಸ್ವಲ್ಪ ಬೆರೀಬೇಕು.”

ಚಿಹ್ನೆ ತಿರುವಿದವಳು ನಾನೇ. ಆದರೂ ಆ ಮಾತಿಗೆ ನನಗೆ ನಿಜವಾಗಿಯೂ ಅವಮಾನವಾಯಿತು. ಮರುದಿನ ಕೆಳಗಿನ ಪಾರ್ಕಿಗೆ ಹೋಗಿ, ಗುರುತಿಲ್ಲದ ಇಬ್ಬರನ್ನು ಮಾತನಾಡಿಸಿ ಬಂದೆ.